ಮುಚ್ಚಿದ ಕಾಲುದಾರಿಗೆ ಬದಲಿ ಎಲ್ಲಿ?

(ಮಲೆನಾಡಿನ ಗ್ರಾಮಸ್ಥರು ಮತ್ತು ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶಿರಾಡಿ ಘಾಟಿಯ ಹೆದ್ದಾರಿಯನ್ನು ಕಾಂಕ್ರೀಟು ಕಾಮಗಾರಿಗೆಂದು 2018ರ ಜನವರಿಯಲ್ಲಿ ಮುಚ್ಚಲಾಯಿತು. ಮುಚ್ಚುವ ಆಜ್ಞೆಯ ಜೊತೆಯಲ್ಲಿಯೇ ಬದಲಿ ಮಾರ್ಗಗಳ ವಿವರವೂ ಪ್ರಕಟವಾಯಿತು. ಚಾರ್ಮಾಡಿ, ಸಂಪಾಜೆ ಮೊದಲಾದ ಘಾಟಿಗಳಲ್ಲಿ ಯಾವ ವಾಹನ ಎತ್ತ ಹೋಗಬೇಕೆಂಬುದು ಪತ್ರಿಕೆಗಳಲ್ಲಿ ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿಯಿತು. ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿಯಿತು. ಆಗಲೂ ಮೊದಲು ಎದ್ದ ಪ್ರಶ್ನೆ ವಾಹನಗಳು ಇನ್ನು ಎಲ್ಲಿ ಓಡಬೇಕು ಎಂಬುದೇ. ಲಾರಿಗೆ ಬದಲಿ ದಾರಿ ತೋರಿಸದೆ ಹೆದ್ದಾರಿಯನ್ನು ಮುಚ್ಚುವ ಪದ್ಧತಿ ಈ ನಾಡಿನಲ್ಲಿ ಇಲ್ಲ.

ಕಾಲುದಾರಿಯ ವಿಷಯ ಹಾಗಲ್ಲ. ಕಾಲುದಾರಿ ಮುಚ್ಚಿದ ದಿನ ಒಂದು ಫಲಕ ಬರುತ್ತದೆ, ಇಲ್ಲವೇ ಒಂದು ಗೇಟು ಬರುತ್ತದೆ. ಫಲಕದಲ್ಲಿ ಪ್ರವೇಶ ನಿಷೇಧಿಸಲಾಗಿದೆ ಎಂದಿರುತ್ತದೆ; ನಡೆಯುವವನು ಇನ್ನು ಮುಂದೆ ಎಲ್ಲಿ ನಡೆಯಬೇಕು ಎಂದಿರುವುದಿಲ್ಲ. ಬರೆಯದೆ ಬಿಟ್ಟ ಆ ಎರಡನೆಯ ಸಾಲೇ ಇಂದಿನ ವಿಷಯ.

ಮುಚ್ಚುವುದೇ ತಪ್ಪೆಂದು ವಾದಿಸುವುದು ಸುಲಭ. ಅದು ಸರಿಯಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯ ಬೆಟ್ಟದಲ್ಲಿ ಚಾರಣಿಗರ ಗುಂಪೊಂದು ಕಾಳ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಒಣಗಿದ ಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುವ ವೇಗವನ್ನು ಬೆಟ್ಟದ ಜನರು ಬಲ್ಲರು, ಪೇಟೆಯಿಂದ ಬಂದವರು ಅರಿಯರು. ಬೇಸಗೆಯಲ್ಲಿ ಹುಲ್ಲುಗುಡ್ಡಗಳ ಚಾರಣವನ್ನು ತಡೆಯುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಮಳೆಗಾಲಕ್ಕೂ ಅಂಥದೇ ಕಾರಣಗಳಿವೆ. 2023ರ ಜುಲೈ ತಿಂಗಳಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದ ಬಂಡೆಯ ಮೇಲಿಂದ ಯುವಕನೊಬ್ಬ ಕಾಲುಜಾರಿ ಕೊಚ್ಚಿಹೋದುದನ್ನು ಇಡೀ ರಾಜ್ಯ ತನ್ನ ಮೊಬೈಲಿನಲ್ಲಿ ನೋಡಿತು.

ಕುಮಾರಪರ್ವತದ ಪ್ರಕರಣ ಬೇರೆ ಬಗೆಯದು. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಹೊಂದಿಕೊಂಡ ದಿನಗಳಲ್ಲಿ, ಸಾವಿರಾರು ಜನರು ಒಮ್ಮೆಗೇ ಆ ಬೆಟ್ಟಕ್ಕೆ ಬಂದರು. ಸಾಲು ಕಟ್ಟಿ ನಿಂತ ಜನರ ಚಿತ್ರಗಳು ಎಲ್ಲೆಡೆ ಹರಡಿದವು. ಬೆನ್ನಿಗೇ, ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ನಿಲ್ಲಿಸಿತು. ಆ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಅಂತರ್ಜಾಲ ನೋಂದಣಿ ವ್ಯವಸ್ಥೆ ಆರಂಭವಾಗಿ, ದಾರಿಯೊಂದಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಜಾರಿಗೆ ಬಂದಿತು. ಇದು ಒಳ್ಳೆಯ ಹೆಜ್ಜೆ. ಆದರೆ ಮಿತಿ ಮೀರಿ ಹೊರಗುಳಿದವರು ಮನೆಗೆ ಹಿಂದಿರುಗುತ್ತಾರೆ ಎಂಬುದು ಕಾಗದದ ಮೇಲಿನ ನಂಬಿಕೆ. ಅವರು ಪಕ್ಕದ ಗುಡ್ಡಕ್ಕೆ ಹೋಗುತ್ತಾರೆ. ಅಲ್ಲಿ ಕಾವಲುಗಾರನಿಲ್ಲ, ಎಣಿಕೆಯಿಲ್ಲ, ಕಸದ ಬುಟ್ಟಿಯಿಲ್ಲ, ದಾರಿಯೂ ಇಲ್ಲ. ದಾರಿ ಇಲ್ಲದಲ್ಲಿ ಜನ ನಡೆದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಮಣ್ಣಿನ ಮಾತಿಗೆ ಇಳಿಯಬೇಕು.

ಮಳೆಗಾಲದ ಆರಂಭದಲ್ಲಿ ಗದ್ದೆಗೆ ನೀರು ಕಟ್ಟಿ, ಉತ್ತು, ಮತ್ತೆ ತುಳಿದು ಮಣ್ಣನ್ನು ರೊಚ್ಚೆ ಮಾಡುವುದು ಏಕೆ? ಮಣ್ಣಿನ ಕಣಗಳ ನಡುವಿನ ರಂಧ್ರಗಳು ಮುಚ್ಚಿ, ಕೆಳಗೆ ಗಟ್ಟಿ ಪದರವೊಂದು ಕೂತು, ನೀರು ಇಂಗದೆ ಗದ್ದೆಯಲ್ಲಿಯೇ ನಿಲ್ಲಲಿ ಎಂದು. ರೈತನು ಗದ್ದೆಯಲ್ಲಿ ಬೇಕೆಂದು ಮಾಡುವ ಈ ಕೆಲಸವನ್ನೇ, ಹಸಿಯಾದ ಬೆಟ್ಟದ ನೆತ್ತಿಯ ಮೇಲೆ ನಡೆಯುವ ನೂರಾರು ಬೂಟುಗಳು ಬೇಡದೆ ಮಾಡುತ್ತವೆ. ವ್ಯತ್ಯಾಸ ಇಷ್ಟೇ: ಗದ್ದೆ ಸಮತಟ್ಟು, ಅದಕ್ಕೆ ಬದುವಿದೆ, ಬೆಟ್ಟ ಇಳಿಜಾರು, ಅದಕ್ಕೆ ಬದುವಿಲ್ಲ. ಇಂಗದ ನೀರು ಕಾಲುದಾರಿಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ಶೋಲಾ ಕಾಡುಗಳ ನಡುವಿನ ಹುಲ್ಲುಗಾವಲಿನ ಮೇಲ್ಮಣ್ಣು ಕಪ್ಪಗಿದ್ದು, ಸಾವಯವ ಅಂಶದಿಂದ ತುಂಬಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ನವಿರಾದ ಬೇರುಗಳ ಬಲೆ. ಹುಲ್ಲು ಸವೆದೊಡನೆ ಆ ಬಲೆ ಹರಿಯುತ್ತದೆ. ಒಂದು ಮಳೆಗಾಲದಲ್ಲಿ ಮೊಣಕಾಲುದ್ದದ ಕೊರಕಲಾದ ದಾರಿಯನ್ನು ನೋಡದ ಮಲೆನಾಡಿಗನಿಲ್ಲ. ಕೊರಕಲಿನಲ್ಲಿ ನಡೆಯಲಾಗದೆ ಜನ ಅದರ ಪಕ್ಕದಲ್ಲಿ ನಡೆಯುತ್ತಾರೆ, ಅದೂ ಕೊರಕಲಾಗುತ್ತದೆ, ಮತ್ತೆ ಅದರ ಪಕ್ಕ. ಒಂದು ಎಳೆಯಾಗಿದ್ದ ದಾರಿ ಜಡೆಯಂತೆ ಮೂರು ನಾಲ್ಕು ಎಳೆಯಾಗುತ್ತದೆ.

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತದ ತುದಿಗೆ ಸುಮಾರು 13 ಕಿಲೋಮೀಟರ್ ನಡಿಗೆ. ತುದಿಯ ಎತ್ತರ 1,712 ಮೀಟರ್. ಏರಬೇಕಾದುದು ಹೆಚ್ಚುಕಡಿಮೆ 1,600 ಮೀಟರ್. ಎಂದರೆ ಸರಾಸರಿ ಎಂಟು ಅಡಿ ನಡೆದರೆ ಒಂದು ಅಡಿ ಏರು. ಕಡಿದಾದ ಕಡೆಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು. ಇಂಥ ಏರಿನಲ್ಲಿ ನೇರವಾಗಿ ಮೇಲಕ್ಕೆ ಹೋಗುವ ದಾರಿಯನ್ನು ಮಳೆಯಿಂದ ಉಳಿಸುವುದು ಕಷ್ಟ. ಆದುದರಿಂದ ಬೆಟ್ಟದ ನೆತ್ತಿಗೆ ಹೋಗುವ ದಾರಿಗಳನ್ನು ಮಳೆಗಾಲದಲ್ಲಿಯೂ ಕಡುಬೇಸಗೆಯಲ್ಲಿಯೂ ಮುಚ್ಚುವುದು, ಉಳಿದ ತಿಂಗಳುಗಳಲ್ಲಿ ಎಣಿಸಿ ಬಿಡುವುದು ನ್ಯಾಯವಾದುದು.

ತುಳಿತದ ಹಾನಿಯ ಬಗ್ಗೆ ಜಗತ್ತಿನ ಹಲವೆಡೆ ನಡೆದಿರುವ ಅಧ್ಯಯನಗಳು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿವೆ. ಹಾನಿಯು ತುಳಿತದ ಸಂಖ್ಯೆಗೆ ಸರಿಸಮನಾಗಿ ಏರುವುದಿಲ್ಲ. ಕನ್ನೆನೆಲದ ಮೇಲೆ ಮೊದಲ ಕೆಲವು ನೂರು ಸಲ ನಡೆಯುವುದರಲ್ಲಿಯೇ ಬಹುಪಾಲು ಹಾನಿ ಆಗಿಹೋಗುತ್ತದೆ. ಒಮ್ಮೆ ನೆಲ ಗಟ್ಟಿಯಾಗಿ ಹುಲ್ಲು ಹೋದ ಮೇಲೆ, ನೀರು ಬಸಿಯುವ ವ್ಯವಸ್ಥೆ ಇದ್ದರೆ, ಇನ್ನೂ ಹತ್ತು ಪಟ್ಟು ಜನ ನಡೆದರೂ ಹೊಸ ಹಾನಿ ಕಡಿಮೆ. ಈ ಮಾತಿನ ಅರ್ಥವನ್ನು ಪರಿಸರಾಸಕ್ತರೂ ಪ್ರವಾಸೋದ್ಯಮದವರೂ ಸಮಾನವಾಗಿ ಮರೆಯುತ್ತಾರೆ. ಮುಚ್ಚಿದ ಒಂದು ದಾರಿಯ ಜನರನ್ನು ಐದು ಹೊಸ ಗುಡ್ಡಗಳಿಗೆ ಹಂಚಿದರೆ ಹಾನಿ ಐದರಲ್ಲಿ ಒಂದಾಗುವುದಿಲ್ಲ, ಹತ್ತಿರ ಹತ್ತಿರ ಐದು ಪಟ್ಟಾಗುತ್ತದೆ. ‘ಯಾರೂ ಕಾಣದ ತಾಣ’ ಎಂದು ಹೊಸ ಗುಡ್ಡವೊಂದನ್ನು ಹೊಗಳಿ ಚಿತ್ರ ಹಾಕುವವರು, ಒಳ್ಳೆಯ ಮನಸ್ಸಿನವರೇ ಆದರೂ, ಆ ಗುಡ್ಡದ ಮೊದಲ ಕೆಲವು ನೂರು ತುಳಿತಗಳನ್ನು ಕರೆತರುತ್ತಿರುತ್ತಾರೆ.

ಆದುದರಿಂದ ಬದಲಿ ದಾರಿ ಎಂದರೆ ಹೊಸ ದಾರಿಯಲ್ಲ. ಆಗಲೇ ತುಳಿದು ಗಟ್ಟಿಯಾಗಿರುವ, ಮರೆತುಹೋಗಿರುವ, ಕಡಿಮೆ ಎತ್ತರದ ಹಳೆಯ ದಾರಿಗಳೇ ಬದಲಿ ದಾರಿಗಳು.

ಅವು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಊರಿಂದ ಊರಿಗೆ ಹೋಗುವ ಒಳದಾರಿಗಳು, ಸೊಪ್ಪಿನಬೆಟ್ಟಕ್ಕೆ ದರಗು ತರಲು ಹೋಗುವ ಗಾಡಿದಾರಿಗಳು, ಅಗಳದ ಅಂಚಿನ ಕಾಲುಹಾದಿಗಳು, ಜಾತ್ರೆಗೆ ನಡೆದ ದಾರಿಗಳು, ಅಡಕೆ ಮತ್ತು ಮೆಣಸು ಕೆಳಗಿಳಿದು ಉಪ್ಪು ಮೇಲೇರಿದ ಘಾಟಿಯ ಹೇರೆತ್ತಿನ ಜಾಡುಗಳು. ಡಾಂಬರು ರಸ್ತೆ ಬಂದ ಮೇಲೆ ಇವು ಬಳಕೆ ತಪ್ಪಿದವು, ಅಳಿಯಲಿಲ್ಲ. ಇವುಗಳಲ್ಲಿ ಗಾಡಿದಾರಿಗಳಿಗೆ ವಿಶೇಷ ಗುಣವೊಂದಿದೆ. ಹೇರು ತುಂಬಿದ ಗಾಡಿಯನ್ನು ಎತ್ತುಗಳು ಎಳೆಯಬಲ್ಲ ಏರಿಗೆ ಮಿತಿಯಿದೆ. ಅದನ್ನು ಬಲ್ಲ ಹಿಂದಿನವರು ಗುಡ್ಡದ ಸೊಂಟವನ್ನು ಬಳಸಿ ಬಳಸಿ ದಾರಿ ಒಯ್ದರು. ಎತ್ತು ಏದುಸಿರಿಲ್ಲದೆ ಏರಿದ ದಾರಿಯನ್ನು ಹತ್ತನೆಯ ತರಗತಿಯ ಹುಡುಗಿ ಸೈಕಲ್ಲಿನಲ್ಲಿ ಏರಬಲ್ಲಳು. ಜೆಸಿಬಿ ಯಂತ್ರ ಒಂದೇ ದಿನದಲ್ಲಿ ಧರೆ ಕಡಿದು ನೇರವಾಗಿ ಮಾಡುವ ಇಂದಿನ ರಸ್ತೆಗೆ ಈ ವಿನಯ ತಿಳಿಯದು.

ಸೈಕಲ್ಲಿನ ಬಗ್ಗೆ ಬೆಟ್ಟದ ಜನರಿಗೆ ಒಂದು ಅನುಮಾನವಿದೆ: ಚಕ್ರ ಮಣ್ಣನ್ನು ಸೀಳುವುದಿಲ್ಲವೇ ಎಂದು. ಒಣ ಹಾಗೂ ಗಟ್ಟಿಯಾದ, ಹದವಾದ ಏರಿನ ದಾರಿಯಲ್ಲಿ ಸೈಕಲ್ಲಿನ ಸವೆತ ಕಾಲ್ನಡಿಗೆಯ ಸವೆತಕ್ಕಿಂತ ಹೇಳಿಕೊಳ್ಳುವಷ್ಟು ಹೆಚ್ಚಲ್ಲ. ಎರಡು ಕಡೆ ಅದು ಅಪಾಯಕಾರಿ. ಕಡಿದಾದ ಇಳಿಜಾರಿನಲ್ಲಿ ಬ್ರೇಕು ಹಿಡಿದು ಚಕ್ರ ತಿರುಗದೆ ಜಾರಿದಾಗ ಅದು ನೇಗಿಲಿನಂತೆ ಗೀರುತ್ತದೆ. ಹಸಿಮಣ್ಣಿನಲ್ಲಿ ಪಾದ ಬಿಡಿಬಿಡಿ ಗುಂಡಿ ಮಾಡಿದರೆ, ಚಕ್ರ ಕಡಿಯದ ಗೆರೆ ಎಳೆಯುತ್ತದೆ. ನೀರು ಆ ಗೆರೆಯನ್ನು ಹಿಡಿದು ಓಡುತ್ತದೆ. ಆದುದರಿಂದ ಸೈಕಲ್ಲಿಗೆ ಹುಲ್ಲುಗಾವಲಿನ ನೆತ್ತಿ ಯಾವ ಕಾಲಕ್ಕೂ ಬೇಡ, ಗಾಡಿದಾರಿ ಮತ್ತು ಜಲ್ಲಿ ಹಾಸಿದ ಎಸ್ಟೇಟು ರಸ್ತೆ ಸಾಕು. ನಾಲ್ಕು ಚಕ್ರದ ಜೀಪುಗಳೂ ಮೋಟಾರು ಬೈಕುಗಳೂ ಸಾಹಸದ ಹೆಸರಿನಲ್ಲಿ ಗುಡ್ಡ ಹತ್ತುವುದನ್ನು ಇದರೊಂದಿಗೆ ಹೋಲಿಸುವಂತೆಯೇ ಇಲ್ಲ. ಅದಕ್ಕೆ ಬದಲಿ ಮಾರ್ಗದ ಪ್ರಶ್ನೆಯೂ ಏಳುವುದಿಲ್ಲ.

ಬದಲಿ ಇಲ್ಲದೆ ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ಸಕಲೇಶಪುರ–ಸುಬ್ರಹ್ಮಣ್ಯ ರೈಲುದಾರಿ ಹಳೆಯ ಉದಾಹರಣೆ. 55 ಕಿಲೋಮೀಟರ್ ಉದ್ದದ ಆ ಘಾಟಿಯ ಹಳಿಗೆ 57 ಸುರಂಗಗಳು. 1996ರಲ್ಲಿ ಮೀಟರ್ ಗೇಜ್ ರೈಲು ನಿಂತ ಮೇಲೆ, 2006ರಲ್ಲಿ ಬ್ರಾಡ್‌ಗೇಜ್ ಹಳಿಯ ಮೇಲೆ ಸರಕು ರೈಲು ಓಡುವವರೆಗೆ, ಹಳಿಯ ದಾರಿಯೇ ನಾಡಿನ ಹೆಸರಾಂತ ಚಾರಣವಾಗಿತ್ತು. ಎಡಕುಮೇರಿ ಎಂಬ ಹೆಸರು ಬೆಂಗಳೂರಿನ ಯುವಕರ ಬಾಯಲ್ಲಿ ನೆಲೆಯಾದುದು ಆಗಲೇ. ರೈಲು ಮತ್ತೆ ಬಂತು. ಹಳಿಯ ಮೇಲಿನ ನಡಿಗೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅತಿಕ್ರಮ ಪ್ರವೇಶ, ಶಿಕ್ಷಾರ್ಹ. ಇದರಲ್ಲಿ ತಪ್ಪೇನೂ ಇಲ್ಲ. ಆದರೂ ರೈಲು ಬಂದ ಮೇಲೂ ಬಹುಕಾಲ ಜನ ಸುರಂಗಗಳಲ್ಲಿ ನಡೆದರು. ಹತ್ತು ವರ್ಷ ರೂಢಿಯಾದ ನಡಿಗೆಯನ್ನು ಒಂದು ಫಲಕ ನಿಲ್ಲಿಸಲಾರದು. ಆ ಹತ್ತು ವರ್ಷಗಳಲ್ಲಿ ಕಣಿವೆಯ ಊರುಗಳ ನಡುವಿನ ಹಳೆಯ ದಾರಿಗಳನ್ನು ಗುರುತಿಸಿ ಜನರನ್ನು ಅತ್ತ ತಿರುಗಿಸಬಹುದಾಗಿತ್ತು.

ಇಲ್ಲಿಯವರೆಗೆ ಹೇಳಿದುದು ಬಿಡುವಿಗಾಗಿ ನಡೆಯುವವರ ಮಾತು. ಅವರಿಗೆ ದಾರಿ ತಪ್ಪಿದರೆ ಒಂದು ಭಾನುವಾರ ತಪ್ಪುತ್ತದೆ. ಊರಿನವರಿಗೆ ಹಾಗಲ್ಲ. ಒಂದು ಕಾಲುದಾರಿ ಮುಚ್ಚಿದರೆ ಶಾಲೆ, ಪಡಿತರದ ಅಂಗಡಿ, ಹಾಲಿನ ಡೇರಿ, ಆಸ್ಪತ್ರೆ ಇವೆಲ್ಲ ಒಮ್ಮೆಗೇ ದೂರ ಸರಿಯುತ್ತವೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಎರಡನೆಯ ತರಗತಿಯ ಪುಟ್ಟ ಬಾಲಕಿ ಶಾಲೆಯಿಂದ ಮರಳುವಾಗ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಒಂದು ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮರದ ತುಂಡು ಮಲೆನಾಡಿನಲ್ಲಿ ಇಂದಿಗೂ ‘ದಾರಿ’ಯೇ. ಅಂಥ ದಾರಿಯ ಮೇಲೆ ಒಂದು ಊರು ನಿಂತಿದೆ ಎಂದರೆ ಇರುವ ಇನ್ನೊಂದು ಒಳದಾರಿಯ ಬೆಲೆ ಎಷ್ಟೆಂಬುದನ್ನು ಊಹಿಸಬಹುದು. ಸರಕಾರವು 2006–07ರಿಂದ ಹಲವು ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಿತು. ಸೈಕಲ್ಲು ಬಂತು, ಘಟ್ಟದ ಬಹಳ ಊರುಗಳಿಗೆ ಅದು ಓಡುವ ದಾರಿ ಬರಲಿಲ್ಲ. ಮನೆಯ ಜಗಲಿಗೆ ಒರಗಿ ತುಕ್ಕು ಹಿಡಿದ ಸೈಕಲ್ಲುಗಳು ಆ ಯೋಜನೆಯ ಅರ್ಧವನ್ನು ಮಾತ್ರ ಹೇಳುತ್ತವೆ.

ಊರಿನ ದಾರಿಗಳನ್ನು ಮುಚ್ಚುತ್ತಿರುವುದು ಅರಣ್ಯ ಇಲಾಖೆಯೊಂದೇ ಎಂದು ತಿಳಿಯುವುದು ಅನ್ಯಾಯ. ಸದ್ದಿಲ್ಲದೆ ಮುಚ್ಚುತ್ತಿರುವವರು ಬೇರೆ. ಗುಡ್ಡದ ಪಾರ್ಶ್ವದ ಜಮೀನು ಕೈಬದಲಾಗಿ ವಿಶ್ರಾಂತಿಧಾಮವಾದಾಗ ಮೊದಲು ಏಳುವುದು ಕಟ್ಟಡವಲ್ಲ, ಗೇಟು. ತಲೆಮಾರುಗಳಿಂದ ನಡೆದ ದಾರಿ ‘ಖಾಸಗಿ ಸ್ವತ್ತು’ ಆಗುತ್ತದೆ. ಆಮೇಲೆ ಅದೇ ದಾರಿಯಲ್ಲಿ ಅತಿಥಿಗಳನ್ನು ಶುಲ್ಕ ಪಡೆದು ‘ಪ್ರಕೃತಿ ನಡಿಗೆ’ಗೆ ಕರೆದೊಯ್ಯುವುದೂ ಉಂಟು. ಹಿಂದೆ ಬೇಲಿಗಳಿರಲಿಲ್ಲವೆಂದಲ್ಲ. ಬೇಲಿಗೆ ದಣಪೆಯಿತ್ತು, ತಡಮೆಯಿತ್ತು. ದಣಪೆಯ ಗಳವನ್ನು ಸರಿಸಿ ಮನುಷ್ಯ ದಾಟಿ ಮತ್ತೆ ಸರಿಸಿಡುತ್ತಿದ್ದ. ತಡಮೆಯಲ್ಲಿ ಕಾಲೆತ್ತಿ ದಾಟುತ್ತಿದ್ದ. ದನ ಹೊರಗೇ ಉಳಿಯುತ್ತಿತ್ತು. ಬೆಳೆಯನ್ನು ಕಾಯುವುದು, ದಾರಿಯನ್ನು ಬಿಡುವುದು, ಇವೆರಡನ್ನೂ ಒಂದೇ ಬಿದಿರುಗಳು ಮಾಡುತ್ತಿದ್ದವು. ಬೀಗ ಹಾಕುವ ಕಬ್ಬಿಣದ ಗೇಟಿಗೆ ಮೊದಲನೆಯದು ಮಾತ್ರ ಗೊತ್ತು.

ಕಾನೂನು ಈ ವಿಷಯದಲ್ಲಿ ಜನರು ಭಾವಿಸಿರುವಷ್ಟು ಬಡವಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆಯ 25ನೇ ಕಲಂ ಕಾಯ್ದಿಟ್ಟ ಅರಣ್ಯದೊಳಗಿನ ಸಾರ್ವಜನಿಕ ಅಥವಾ ಖಾಸಗಿ ದಾರಿಯನ್ನು ಸರಕಾರದ ಮುನ್ನೊಪ್ಪಿಗೆ ಪಡೆದು ಮುಚ್ಚುವ ಅಧಿಕಾರವನ್ನು ಅರಣ್ಯಾಧಿಕಾರಿಗೆ ಕೊಡುತ್ತದೆ. ಆದರೆ ಷರತ್ತೊಂದಿದೆ: ಸಾಕಷ್ಟು ಅನುಕೂಲವಾದ ಬದಲಿ ದಾರಿ ಆಗಲೇ ಇರಬೇಕು, ಇಲ್ಲದಿದ್ದರೆ ಅಧಿಕಾರಿಯೇ ಅದನ್ನು ಒದಗಿಸಿರಬೇಕು. ಬ್ರಿಟಿಷರ ಕಾಲದ, ಜನರ ಹಕ್ಕುಗಳನ್ನು ಮೊಟಕುಗೊಳಿಸಿದ ಕಾಯ್ದೆಯೆಂದು ಹೆಸರಾದ ಕಾಯ್ದೆಯೂ ಬದಲಿ ಇಲ್ಲದೆ ದಾರಿ ಮುಚ್ಚುವುದನ್ನು ಒಪ್ಪಲಿಲ್ಲ. ಕರ್ನಾಟಕದ 1963ರ ಅರಣ್ಯ ಕಾಯ್ದೆ ಅದೇ ಅಚ್ಚಿನಲ್ಲಿ ಎರಕಗೊಂಡದ್ದು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ. ಅದರ 27ನೇ ಕಲಂ ಪ್ರವೇಶವನ್ನು ನಿರ್ಬಂಧಿಸುವಾಗ, ಒಳಗೆ ವಾಸಿಸಲು ಅನುಮತಿ ಪಡೆದವರನ್ನೂ, ಅಲ್ಲಿ ಸ್ಥಿರಾಸ್ತಿಯ ಹಕ್ಕುಳ್ಳವರನ್ನೂ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರನ್ನೂ ಹೊರತುಪಡಿಸುತ್ತದೆ. ಒಳಗಿನ ನಿವಾಸಿಗಳೊಡನೆ ನ್ಯಾಯವಾದ ವ್ಯವಹಾರಕ್ಕೆ ಹೋಗುವವರಿಗೆ 28ನೇ ಕಲಮಿನಲ್ಲಿ ಪರವಾನಗಿ ಇದೆ. ಕುದುರೆಮುಖದ ಕಾಡಿನೊಳಗಿನ ಮಲೆಕುಡಿಯರ ಮನೆಗೆ ಹೋಗುವ ನೆಂಟನೂ ಶಿಖರ ನೋಡಲು ಬಂದ ಚಾರಣಿಗನೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ತಪಾಸಣೆಯ ಗೇಟಿನಲ್ಲಿ ಈ ಭೇದ ಮರೆತುಹೋದರೆ ಅದನ್ನು ನೆನಪಿಸುವುದು ಗ್ರಾಮಸಭೆಯ ಕೆಲಸ.

ಖಾಸಗಿ ಜಮೀನಿನ ದಾರಿಗಳಿಗೆ 1882ರ ಅನುಭೋಗದ ಹಕ್ಕುಗಳ ಕಾಯ್ದೆ ಇದೆ. ಇಪ್ಪತ್ತು ವರ್ಷ ಕಾಲ ಬಹಿರಂಗವಾಗಿ, ಶಾಂತವಾಗಿ, ಹಕ್ಕೆಂದು ತಿಳಿದು, ತಡೆಯಿಲ್ಲದೆ ನಡೆದ ದಾರಿಗೆ ಹಕ್ಕು ದೊರೆಯುತ್ತದೆ. ಜಮೀನು ಸರಕಾರದ್ದಾದರೆ ಮೂವತ್ತು ವರ್ಷ. ಆದರೆ ಬೇಲಿ ಬಿದ್ದುದನ್ನು ತಿಳಿದೂ ಒಂದು ವರ್ಷ ಸಹಿಸಿಕೊಂಡರೆ ಅದು ಹಕ್ಕಿಗೆ ಭಂಗವೆನಿಸುತ್ತದೆ. ಮಲೆನಾಡಿನವರು ಜಗಳಕ್ಕೆ ಅಂಜುವ ಜನ. ‘ಇರಲಿ ಬಿಡಿ, ಸುತ್ತು ಹಾಕಿ ಹೋದರಾಯಿತು’ ಎನ್ನುತ್ತಾರೆ. ಸುತ್ತು ಹಾಕಿದ ಆ ಒಂದು ವರ್ಷದಲ್ಲಿ ಅಜ್ಜನ ಕಾಲದ ದಾರಿ ಹೋಗಿರುತ್ತದೆ. ಗೇಟು ಬಿದ್ದ ತಿಂಗಳಿನಲ್ಲಿಯೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಇದಕ್ಕಾಗಿಯೇ ಮುಖ್ಯ.

ಹಾಗೆಂದು ರೈತನು ತನ್ನ ತೋಟದ ದಾರಿಯನ್ನು ಮುಚ್ಚಿದಾಗಲೆಲ್ಲ ಅವನನ್ನು ದೂರಬಾರದು. ಕಾಳುಮೆಣಸಿನ ಸೊರಗುರೋಗಕ್ಕೆ ಕಾರಣವಾದ ಫೈಟಾಫ್ತೊರಾ ಮಳೆಗಾಲದಲ್ಲಿ ಹರಿಯುವ ನೀರಿನೊಂದಿಗೆ ಮಾತ್ರವಲ್ಲ, ಹಸಿಮಣ್ಣು ಅಂಟಿದ ಚಪ್ಪಲಿ, ಬೂಟು, ಗುದ್ದಲಿಗಳೊಂದಿಗೂ ತೋಟದಿಂದ ತೋಟಕ್ಕೆ ಸಾಗುತ್ತದೆ. ಬಾಳೆಯ ಪನಾಮ ಸೊರಗುರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರಬಲ್ಲದು. ಮೂವತ್ತು ಜನರ ಗುಂಪೊಂದು ಒಂದು ರೋಗದ ತೋಟವನ್ನು ದಾಟಿ ಮುಂದಿನ ತೋಟಕ್ಕೆ ಕಾಲಿಟ್ಟರೆ, ಅರವತ್ತು ಬೂಟುಗಳ ಅಡಿಯ ಮಣ್ಣು ಅಲ್ಲಿಗೆ ಬಂದಂತಾಯಿತು. ಪಾರ್ಥೇನಿಯಂ ಮೊದಲಾದ ಕಳೆಗಳೂ ದಾರಿಯ ಅಂಚುಗಳನ್ನೇ ಹಿಡಿದು ಗುಡ್ಡ ಏರುತ್ತವೆ. ಆದುದರಿಂದ ಹೊರಗಿನವರ ನಡಿಗೆಯ ಮತ್ತು ಸೈಕಲ್ಲಿನ ದಾರಿಗಳು ತೋಟದ ನಡುವೆ ಹೋಗದೆ ಅಗಳದ ಹೊರಗೆ, ಬೆಟ್ಟದ ಅಂಚಿನಲ್ಲಿ ಸಾಗಬೇಕು. ತೋಟವನ್ನು ದಾಟಲೇಬೇಕಾದ ಊರಿನ ದಾರಿ ಊರಿನವರಿಗಷ್ಟೇ ಉಳಿಯಲಿ.

ಆನೆಯ ವಿಷಯ ಇನ್ನೂ ತೊಡಕಿನದು. ಸಕಲೇಶಪುರ, ಆಲೂರು, ಕೊಡಗಿನ ಭಾಗಗಳಲ್ಲಿ ಕಂದಕ, ಸೌರಬೇಲಿ, ರೈಲುಹಳಿಯ ತಡೆಗೋಡೆಗಳು ಆನೆಯ ದಾರಿಯೊಡನೆ ಮನುಷ್ಯನ ಕಾಲುದಾರಿಯನ್ನೂ ಕತ್ತರಿಸುತ್ತವೆ. ಅಲ್ಲಿ ಬದಲಿ ಎಂದರೆ ಕಾಫಿ ಗಿಡಗಳ ನಡುವಿನ ಮರೆಯ ದಾರಿಯಲ್ಲ. ದೂರದವರೆಗೆ ಕಣ್ಣು ಕಾಣುವ, ಅಂಚಿನ ಪೊದೆ ಸವರಿದ, ಗುಂಪಾಗಿ ನಡೆಯುವ ಹೊತ್ತಿಗೆ ನಿಗದಿಯಾದ ದಾರಿ. ಸುತ್ತು ಹೆಚ್ಚಾದರೂ ಸರಿ. ಅಂಥ ದಾರಿ ಇಲ್ಲದ ಕಡೆ ಶಾಲೆಯ ಮಕ್ಕಳಿಗೆ ವಾಹನವೇ ಬದಲಿ, ಬೇರೆ ಮಾತಿಲ್ಲ.

ಹಳೆಯ ದಾರಿಯನ್ನು ಮತ್ತೆ ನಡೆಯುವಂತೆ ಮಾಡಲು ಹಣಕ್ಕಿಂತ ಹೆಚ್ಚಾಗಿ ಬೇಕಾದುದು ನೀರಿನ ತಿಳಿವಳಿಕೆ. ದಾರಿಯ ಏರು, ಅದು ಹಾದುಹೋಗುವ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಮೀರಿದರೆ ನೀರು ದಾರಿಯ ಅಡ್ಡ ದಾಟದೆ ದಾರಿಯ ಉದ್ದಕ್ಕೆ ಹರಿಯುತ್ತದೆ. ಒಟ್ಟಾರೆ ಹತ್ತು ಅಡಿಗೆ ಒಂದು ಅಡಿ ಏರಿನೊಳಗೆ ಇದ್ದರೆ ಸೈಕಲ್ಲಿಗೂ ಮುದುಕರಿಗೂ ಸೈ. ದಾರಿಯ ಮೈ ಹೊರಕ್ಕೆ ತುಸು ವಾಲಿರಬೇಕು. ಅಲ್ಲಲ್ಲಿ ದಾರಿಯನ್ನೇ ಸ್ವಲ್ಪ ತಗ್ಗಿಸಿ ಎತ್ತಿದರೆ ಆ ತಗ್ಗಿನಲ್ಲಿ ನೀರು ಹೊರಬೀಳುತ್ತದೆ. ಇದು ಅಡಕೆ ತೋಟದ ಬಸಿಗಾಲುವೆಯನ್ನು ಬಲ್ಲ ಯಾವ ರೈತನಿಗೂ ಹೊಸದಲ್ಲ. ಕಡಿದಾದಲ್ಲಿ ಕಲ್ಲಿನ ಪಾವಟಿಗೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯಂಥ ಕಡೆ ಇವಿಲ್ಲದ ದಾರಿ ಎರಡು ಮಳೆಗಾಲ ಬಾಳದು. ಹಳ್ಳ ದಾಟುವಲ್ಲಿ ಸಂಕದ ಬದಲು ತೂಗುಸೇತುವೆಯಾದರೆ ಉತ್ತಮ. ಸುಳ್ಯದ ಗಿರೀಶ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿ, ಮುಂದೆ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಕಾಲ್ನಡಿಗೆಯವರಿಗಾಗಿ ಕಟ್ಟಿದ ಸೇತುವೆಗಳಿಗೆ ಸಂದ ಗೌರವ ಅದು.

ಅರಣ್ಯಭೂಮಿಯಾದರೆ ಇದೆಲ್ಲ ಅಸಾಧ್ಯವೆಂದು ಹಲವರು ಕೈಚೆಲ್ಲುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ, ಗ್ರಾಮಸಭೆಯ ಶಿಫಾರಸಿನ ಮೇಲೆ, ಶಾಲೆ, ಕುಡಿಯುವ ನೀರು, ರಸ್ತೆ ಮುಂತಾದ ಊರಿನ ಸೌಕರ್ಯಗಳಿಗೆ ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಬಳಸಲು ಅವಕಾಶ ಕೊಡುತ್ತದೆ. ಹೆಕ್ಟೇರಿಗೆ 75 ಮರಗಳನ್ನು ಮೀರಿ ಕಡಿಯುವಂತಿಲ್ಲ. ಒಂದು ಹೆಕ್ಟೇರು ಎಂದರೆ 10,000 ಚದರ ಮೀಟರ್. ಒಂದೂವರೆ ಮೀಟರ್ ಅಗಲದ, ನಡಿಗೆಗೂ ಸೈಕಲ್ಲಿಗೂ ಸಾಲುವ ದಾರಿಯಾದರೆ ಆರೂವರೆ ಕಿಲೋಮೀಟರ್ ಉದ್ದದ್ದು ಅದರೊಳಗೆ ಅಡಗುತ್ತದೆ. ಇರುವ ಜಾಡನ್ನೇ ಹಿಡಿದರೆ ಕಡಿಯಬೇಕಾದ ಮರವೂ ಇರದು. ಆರು ಮೀಟರ್ ಅಗಲದ ಡಾಂಬರು ರಸ್ತೆಯನ್ನು ಕೇಳಿ ವರ್ಷಗಟ್ಟಲೆ ಕಾಯುವ ಊರುಗಳು ಈ ಚಿಕ್ಕ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಅದೇ ಕಾಯ್ದೆಯ 3(1)(ಎಲ್) ಉಪಕಲಂ ಬೇಟೆಯೊಂದನ್ನು ಬಿಟ್ಟು, ರೂಢಿಯಿಂದ ಅನುಭವಿಸಿಕೊಂಡು ಬಂದ ಇತರ ಸಾಂಪ್ರದಾಯಿಕ ಹಕ್ಕುಗಳನ್ನೂ ಮಾನ್ಯ ಮಾಡುತ್ತದೆ. ಕಾಡಿನ ದಾರಿಗಳನ್ನು ಸಮುದಾಯ ಹಕ್ಕಿನ ನಮೂನೆ–ಬಿ ಅರ್ಜಿಯಲ್ಲಿ ಹೆಸರುಸಹಿತ ಸೇರಿಸಲು ಇಲ್ಲಿ ಎಡೆಯಿದೆ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕೆಂಬುದು ನಿಜವಾಗಿಯೂ ಭಾರವಾದ ಷರತ್ತು. ಆದರೂ ದಾಖಲೆ ಕಾಗದವೇ ಆಗಬೇಕಿಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ ಸಾಕ್ಷ್ಯವೆಂದು ನಿಯಮಗಳು ಒಪ್ಪುತ್ತವೆ. ಬ್ರಿಟಿಷರ ಕಾಲದ ಅರಣ್ಯ ಇತ್ಯರ್ಥದ ಸಮಯದಲ್ಲಿ ದಾರಿಯ ಹಕ್ಕನ್ನು ಗಡುವಿನೊಳಗೆ ಹೇಳಿಕೊಳ್ಳದವರ ಹಕ್ಕು ಅಳಿಯಿತು. ನೋಟೀಸು ಓದಲು ಬಾರದ ಅಂದಿನವರಿಗೆ ಅದು ತಿಳಿಯಲೇ ಇಲ್ಲ. ಇಂದಿನವರಿಗೆ ಓದು ಬರುತ್ತದೆ.

ಇಲ್ಲಿ ವಿದ್ಯಾರ್ಥಿಗಳ ಕೆಲಸ ಆರಂಭವಾಗುತ್ತದೆ. ಭೂಮಾಪನ ಇಲಾಖೆಯ ಗ್ರಾಮನಕ್ಷೆಯಲ್ಲಿ ಒಂಟಿ ಚುಕ್ಕೆಗೆರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಬಂಡಿದಾರಿ. ಆ ನಕ್ಷೆಯ ಪ್ರತಿಯನ್ನು ಹಿಡಿದು, ಊರಿನ ಎಪ್ಪತ್ತು ಎಂಬತ್ತು ದಾಟಿದ ಅಜ್ಜ ಅಜ್ಜಿಯರೊಡನೆ ಕುಳಿತು, ಯಾವ ದಾರಿ ಎಲ್ಲಿಗೆ ಹೋಗುತ್ತಿತ್ತು, ಅದಕ್ಕೆ ಏನೆಂದು ಹೆಸರು, ಯಾರು ಯಾವ ತಿಂಗಳಿನಲ್ಲಿ ಏತಕ್ಕೆ ನಡೆಯುತ್ತಿದ್ದರು, ಎಲ್ಲಿ ಸಂಕವಿತ್ತು, ಎಲ್ಲಿ ತಂಗುಗಲ್ಲಿತ್ತು ಎಂಬುದನ್ನು ಬರೆದುಕೊಳ್ಳಬೇಕು. ಆಮೇಲೆ ಆ ದಾರಿಯನ್ನು ನಡೆಯಬೇಕು. ಮೊಬೈಲಿನ ಜಿಪಿಎಸ್ ಸಾಕು. ನಕ್ಷೆಯಲ್ಲಿದ್ದು ನೆಲದಲ್ಲಿಲ್ಲದವು, ನೆಲದಲ್ಲಿದ್ದು ನಕ್ಷೆಯಲ್ಲಿಲ್ಲದವು, ಗೇಟು ಬಿದ್ದವು, ಕಂದಕ ಕಡಿದವು ಎಂದು ಪ್ರತ್ಯೇಕಿಸಿ, ಗೇಟು ಬಿದ್ದ ತಿಂಗಳನ್ನು ತಪ್ಪದೆ ನಮೂದಿಸಬೇಕು. ಹೊರಗಿನವರಿಗೆ ತೆರೆಯಬಹುದಾದ ದಾರಿಗಳು ಯಾವುವು, ಊರಿನವರಿಗೇ ಉಳಿಯಬೇಕಾದವು ಯಾವುವು ಎಂಬುದನ್ನು ತೀರ್ಮಾನಿಸುವುದು ಗ್ರಾಮಸಭೆ. ಆ ಪಟ್ಟಿ ಸಾರ್ವಜನಿಕ ನಕ್ಷೆಗಳಿಗೆ ಹೋಗುವುದು ತೀರ್ಮಾನದ ನಂತರವೇ ಹೊರತು ಮೊದಲಲ್ಲ.

ಈ ನಡಿಗೆಯನ್ನು ಎರಡು ಸಲ ಮಾಡುವುದು ಒಳ್ಳೆಯದು. ಮಾಘ–ಫಾಲ್ಗುಣದಲ್ಲಿ, ದರಗು ಉದುರಿ ಜಾಡು ಬರಿಗಣ್ಣಿಗೆ ಕಾಣುವಾಗ ಒಮ್ಮೆ. ಆಷಾಢದ ಮಳೆಯಲ್ಲಿ, ನೀರು ಎಲ್ಲಿ ದಾರಿಯನ್ನು ದಾಟುತ್ತದೆ, ಎಲ್ಲಿ ದಾರಿಯನ್ನೇ ಹಿಡಿದು ಓಡುತ್ತದೆ ಎಂದು ನೋಡಲು ಇನ್ನೊಮ್ಮೆ, ಆಗ ಊರಿನವರೊಬ್ಬರು ಜೊತೆಗಿರಲಿ.